ಗಡ್ಡ ಬಿಟ್ಟ ಬೇರುಗಳು

ಅಡಿಲೇಡಿನ ಬೆಟ್ಟಗಳ ಬುಡದಲ್ಲಿರುವ ನಮ್ಮ ಸಸ್ಯ ಪ್ರಯೋಗಾಲಯದಲ್ಲಿ ಬೀಜ ಮೊಳೆಯಿಸಲು ಬಳಸುವ ಅಗಾರ್ ಎಂಬ ಪಾಚಿಯ ಅಂಟನ್ನು ಕಾಯಿಸಿ ತಟ್ಟೆಗೆ ಸುರಿಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ನನ್ನ ತಟ್ಟೆಗಳನ್ನು ಕಂಡು ನಾಚಿ ಬೇರೆ ಉದ್ಯೋಗ ಹಿಡಿದಿರಬೇಕು. ನಾನು, ಕ್ಲಾರಿ ನೋಸ್ಕಿ, ಮೂವತ್ತನಾಲ್ಕು ವರ್ಷದಿಂದ ಇಲ್ಲಿನ ತಂತ್ರಜ್ಞ. ನಾನು ಸುರಿದ ಅಗಾರಿನ ಮೇಲೆ ನೊಣ ಕೂತರೆ ತನ್ನ ಮುಖ ನೋಡಿಕೊಂಡು ಮೀಸೆ ತೀಡುತ್ತದೆ. ಸಸಿಕೋಣೆಯ ಉಷ್ಣತೆ ಇಪ್ಪತ್ತೆರಡು ಡಿಗ್ರಿಯಿಂದ ಎಳ್ಳಷ್ಟು ಆಚೀಚೆ ಆದರೂ ಮೊದಲು ನನ್ನ ಎಡಮೊಣಕಾಲಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಆಮೇಲೆ. ಒಂದು ಜನವರಿಯಲ್ಲಿ, ಅಂದರೆ ನಮ್ಮ ನಡುಬೇಸಿಗೆಯಲ್ಲಿ, ನಲವತ್ತಾರು ಡಿಗ್ರಿ ಬಿಸಿಲು ಹೊಡೆದು ಊರಿಗೆ ಊರೇ ಕರೆಂಟು ಕಳೆದುಕೊಂಡಾಗ ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಿಸಿಲು ಒಳಗೆ ನುಗ್ಗದಂತೆ ತಡೆದವನು ನಾನು. ಜನರೇಟರ್ ಕೂಡ ಸ್ವಲ್ಪ ಸಹಾಯ ಮಾಡಿತೆನ್ನಿ.

ಅದೇ ಬಾಗಿಲ ಮೇಲೆ ಒಂದು ಫಲಕವಿದೆ. ತಿನ್ನುವ ಕುಡಿಯುವ ಯಾವ ಪದಾರ್ಥವೂ ಒಳಗೆ ಬರಕೂಡದು, ಚೂಯಿಂಗ್ ಗಮ್ ಕೂಡ. ಬರೆದವನು ನಾನೇ. ಆ ‘ಕೂಡ’ದ ಕೆಳಗೆ ಎರಡು ಕೆಂಪು ಗೆರೆ ಎಳೆದವನೂ ನಾನೇ. ಒಮ್ಮೆ ಬೇರೆ ದೇಶದಿಂದ ಬಂದ ದೊಡ್ಡ ವಿಜ್ಞಾನಿಯೊಬ್ಬರ ಬಾಯಿಂದ ಪೆಪ್ಪರ್‌ಮಿಂಟ್ ಉಗುಳಿಸಿದ್ದೇನೆ.

ಇದು ಟ್ಯಾಮ್ಸಿನ್ ಪೊಲ್ಕಿಂಗ್‌ಹಾರ್ನ್ ಎಂಬ ಹುಡುಗಿಯ ಕಥೆ, ನನ್ನದಲ್ಲ. ಹಾಗಿದ್ದೂ ನನ್ನ ಹೆಸರು ಹೆಚ್ಚು ಬಂದರೆ ಅದು ಕಥೆಯ ತಪ್ಪು.

ಟ್ಯಾಮ್ಸಿನ್ ಹಳೆಯ ಗಣಿಯೂರು ಮೂಂಟಾ ಕಡೆಯವಳು, ಪಿಎಚ್‌ಡಿ ವಿದ್ಯಾರ್ಥಿನಿ. ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಮಾತು ಕಡಿಮೆ, ಆಡಿದರೆ ಚೂರಿ. ಅವಳ ಕೆಲಸವೆಲ್ಲ ಬೇರಿನ ಮೈಮೇಲಿನ ಕೂದಲಿನದು. ಗಿಡಕ್ಕೆ ಬಾಯಿಲ್ಲ ನೋಡಿ. ಮಣ್ಣಿನ ಸಾರವನ್ನು ಅದು ಹೀರಿಕೊಳ್ಳುವುದು ಬೇರಿನ ತೊಗಲಿನ ಮೇಲೆ ಹುಟ್ಟುವ, ಬರಿಗಣ್ಣಿಗೆ ಮಂಜಿನಂತೆ ಕಾಣುವ ಆ ಸಣ್ಣ ರೋಮಗಳಿಂದ. ಕೂದಲು ಉದ್ದವಾದಷ್ಟೂ ಮಣ್ಣಿನಲ್ಲಿ ಕೈ ದೂರಕ್ಕೆ ಚಾಚುತ್ತದೆ. ಆದರೆ ಕೂದಲು ಬೆಳೆಸು ಎಂದು ಬೇರಿಗೆ ಹೇಳುವವರು ಯಾರು? ಒಂದು ಜೀವಕೋಶ ಪಕ್ಕದ ಜೀವಕೋಶಕ್ಕೆ ಸುದ್ದಿ ಕಳಿಸಲು ಪೆಪ್ಟೈಡ್ ಎಂಬ ಪುಟ್ಟ ಮಾಲೆಯೊಂದನ್ನು ಹೊರಗೆ ಬಿಡುತ್ತದೆ. ಪಕ್ಕದ ಕೋಶದ ಬಾಗಿಲಲ್ಲಿ ಅದಕ್ಕೆ ಹೊಂದುವ ಕೊಕ್ಕೆಯಿದ್ದರೆ ಮಾಲೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಸುದ್ದಿ ಒಳಗೆ ಹೋಗುತ್ತದೆ. ಹೀಗೆ ಹದಿನಾಲ್ಕು ಮಣಿಯ ಒಂದು ಮಾಲೆಯನ್ನು ಟ್ಯಾಮ್ಸಿನ್ ಪತ್ತೆ ಹಚ್ಚಿದ್ದಳು. ಆ ಮಾಲೆಯ ಒಂದು ಹನಿ ಸೋಕಿದರೆ ಸಾಕು, ಬೇರಿಗೆ ಸನ್ಯಾಸಿಯ ಗಡ್ಡ ಬರುತ್ತಿತ್ತು. ಅದರ ಅಧಿಕೃತ ಹೆಸರಿನಲ್ಲಿ ಆರು ಅಕ್ಷರ, ಎರಡು ಅಂಕಿ. ನಾನು ಅದನ್ನು ಗಡ್ಡದ ಮಾಲೆ ಎಂದೆ, ಎಲ್ಲರೂ ಹಾಗೇ ಕರೆಯತೊಡಗಿದರು.

ಮಾಲೆಯ ಮಹಿಮೆ ನಿಜವೋ ಸುಳ್ಳೋ ನೋಡಲು ಜೊತೆಗೊಂದು ಹುಸಿ ಮಾಲೆಯೂ ಬೇಕು. ಅವೇ ಹದಿನಾಲ್ಕು ಮಣಿ, ಪೋಣಿಸಿದ ಕ್ರಮ ಮಾತ್ರ ಅಡ್ಡಾದಿಡ್ಡಿ. ನಿಜದ್ದು ಬೆರೆಸಿದ ಅಗಾರಿನಲ್ಲಿ ಗಡ್ಡ ಬರಬೇಕು, ಹುಸಿಯದರಲ್ಲಿ ಬೇರು ನುಣ್ಣಗಿರಬೇಕು. ಸಾಸಿವೆಯ ಬಡ ನೆಂಟನಾದ ಅರಬಿಡಾಪ್ಸಿಸ್ ಎಂಬ ಕಳೆಗಿಡದ ಬೀಜವನ್ನು ಚೌಕ ತಟ್ಟೆಯಲ್ಲಿ ಸಾಲಾಗಿ ಇಟ್ಟು, ಗಾಳಿಯಾಡುವ ಪಟ್ಟಿಯಿಂದ ಅಂಚು ಮುಚ್ಚಿ, ತಟ್ಟೆಯನ್ನು ನಿಲ್ಲಿಸಿಡುತ್ತೇವೆ. ಬೇರು ಅಗಾರಿನ ಮುಖದ ಮೇಲೇ ನೆಟ್ಟಗೆ ಕೆಳಗಿಳಿಯುತ್ತದೆ. ಆರನೆಯ ದಿನ ಸೂಕ್ಷ್ಮದರ್ಶಕದಡಿ ಕೂದಲಿನ ಅಳತೆ.

ನಮ್ಮ ಪ್ರೊಫೆಸರ್ ಡೆಸ್ಪಿನಾ ಕರಯಾನಿಸ್ ಒಂದು ನಿಯಮ ಇಟ್ಟಿದ್ದಳು. ಇಪ್ಪತ್ತು ವರ್ಷ ಹೆಸರು ಹಿಡಿದೇ ಕರೆದಿದ್ದೇನೆ, ಇನ್ನೇನು ‘ಅವರು’ ಅನ್ನಲಿ. ಯಾವ ಫಲಿತಾಂಶವಾದರೂ ಬೇರೆ ಬೇರೆ ವಾರಗಳಲ್ಲಿ ಮೂರು ಸಲ ಒಂದೇ ರೀತಿ ಬರಬೇಕು. ಎರಡು ಸಲ ಬಂದು ಮೂರನೆಯದು ಕೈಕೊಟ್ಟರೆ ಆ ವಿಷಯ ಕಸದ ಬುಟ್ಟಿಗೆ. ಟ್ಯಾಮ್ಸಿನ್‌ಳ ಮೊದಲ ಎರಡು ಸಲ ಫೆಬ್ರವರಿಯಲ್ಲಿ ಕನ್ನಡಿಯಂತೆ ಬಂದವು. ಮೂರನೆಯದೂ ಬಂದರೆ ಮಾಲೆಯ ಮೇಲೆ ಅವಳ ಪ್ರಬಂಧ ನಿಲ್ಲುತ್ತದೆ. ಬರದಿದ್ದರೆ ಉಳಿದ ಹದಿಮೂರು ತಿಂಗಳಲ್ಲಿ ಹೊಸ ವಿಷಯ ಹಿಡಿದು ಮೊದಲಿಂದ ಶುರು. ಇದು ಅವಳಿಗೂ ಗೊತ್ತಿತ್ತು, ಡೆಸ್ಪಿನಾಗೂ ಗೊತ್ತಿತ್ತು, ನೆಲ ಒರೆಸುವವರಿಗೂ ಗೊತ್ತಿತ್ತು.

ಈಗ ನನ್ನ ಬಳ್ಳಿಯ ವಿಚಾರಕ್ಕೆ ಬರುತ್ತೇನೆ.

ನಮ್ಮ ಮನೆಯ ಹಿತ್ತಿಲ ಬೇಲಿಯ ಮೇಲೆ ಪ್ಯಾಶನ್ ಹಣ್ಣಿನ ಬಳ್ಳಿಯೊಂದಿದೆ. ಆ ವರ್ಷ ಅದು ನಮ್ಮ ಬೇಲಿ ದಾಟಿ, ಪಕ್ಕದವರ ಶೆಡ್ ನುಂಗಿ, ಅವರ ಮುದಿ ನಾಯಿಯ ಕಡೆ ಹೊರಟಿತ್ತು. ನಾಯಿ ಜಾಗ ಬದಲಾಯಿಸಿಕೊಂಡು ಬಚಾವಾಯಿತು. ಹಣ್ಣು ಒಂದೊಂದೂ ಕ್ರಿಕೆಟ್ ಚೆಂಡಿನಷ್ಟು. ಅಳತೆ ತೆಗೆದವರಿಲ್ಲ, ಆದ್ದರಿಂದ ಇಲ್ಲವೆನ್ನುವವರೂ ಇಲ್ಲ. ಬೆಟ್ಟದ ಮೇಲಿನ ಊರಿನ ಕೃಷಿ ಪ್ರದರ್ಶನದಲ್ಲಿ ಸ್ಪಂಜ್ ಕೇಕ್ ಸ್ಪರ್ಧೆ ಏಪ್ರಿಲ್‌ನಲ್ಲಿ. ಏಳು ವರ್ಷ ಎರಡನೆಯ ಬಹುಮಾನ ಪಡೆದವನು ನಾನು. ಈ ಸಲ ಮೇಲೆ ಸುರಿಯುವ ಹಣ್ಣಿನ ತಿರುಳಿನಿಂದಲೇ ತೀರ್ಪುಗಾರ್ತಿಯರ ಕಣ್ಣಲ್ಲಿ ನೀರು ತರಿಸಬೇಕೆಂದಿದ್ದೆ. ಆದರೆ ಪಾಸಮ್ ಎಂಬ ಮರವಾಸಿ ಪ್ರಾಣಿಗಳ ಕಾಟ. ಸಂಜೆಯಾದರೆ ಆ ಬಾಲದ ಕಳ್ಳರು ಸಾಲಾಗಿ ಬೇಲಿಯ ಮೇಲೆ ಕುಳಿತು, ಹಣ್ಣಾದದ್ದನ್ನೇ ಆರಿಸಿ ಕುಡಿಯುತ್ತಿದ್ದವು. ಹಾಗಾಗಿ ಅರೆಮಾಗಿದವನ್ನೇ ಕೊಯ್ದೆ. ಮನೆಯಲ್ಲಿ ಶರತ್ಕಾಲದ ಚಳಿ, ಹಣ್ಣಾಗುವುದಿಲ್ಲ. ಇಡೀ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹಗಲೂ ರಾತ್ರಿ ಅಲುಗಾಡದೆ ಇಪ್ಪತ್ತೆರಡು ಡಿಗ್ರಿ ಇರುವ ಜಾಗ ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದು ಕ್ರೇಟಿನ ತುಂಬ ಹಣ್ಣು ಸಸಿಕೋಣೆಯ ಕಪಾಟಿನ ಕೆಳಹಂತದಲ್ಲಿ, ಶುದ್ಧನೀರಿನ ಡಬ್ಬಗಳ ಹಿಂದೆ ಸೇರಿತು. ಫಲಕದ ಮುಂದೆ ಹಾದುಹೋಗುವಾಗ ಓದಲಿಲ್ಲ. ಬರೆದವನಿಗೆ ಓದುವ ಅಗತ್ಯವೇನು? ಅಲ್ಲದೆ ನನ್ನ ತರ್ಕ ಗಟ್ಟಿಯಾಗಿತ್ತು: ಫಲಕ ತಿನ್ನುವವರಿಗೆ ಸಂಬಂಧಿಸಿದ್ದು, ನಾನು ಒಳಗೆ ತಿನ್ನುತ್ತಿರಲಿಲ್ಲ.

ಟ್ಯಾಮ್ಸಿನ್ ಮೂರನೆಯ ಸಲದ ತಟ್ಟೆಗಳನ್ನು ಅದೇ ಕೋಣೆಯಲ್ಲಿ ನಿಲ್ಲಿಸಿದಳು. ಆರನೆಯ ದಿನ ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಂದೆ ಕುಳಿತವಳು ಊಟದ ಹೊತ್ತಾದರೂ ಏಳಲಿಲ್ಲ. ನಾನು ಹೋಗಿ ಕೇಳಿದೆ. ಎದ್ದು ಕುರ್ಚಿ ಬಿಟ್ಟುಕೊಟ್ಟಳು. ನೋಡಿದೆ. ನಿಜದ ಮಾಲೆಯ ಬೇರಿಗೆ ಗಡ್ಡ. ಹುಸಿ ಮಾಲೆಯ ಬೇರಿಗೂ ಗಡ್ಡ. ಯಾವ ಮಾಲೆಯೂ ಇಲ್ಲದ ಬರಿಯ ಅಗಾರಿನ ಬೇರಿಗೆ ಕಾಡಿನಲ್ಲಿ ಕಳೆದುಹೋದವನ ಗಡ್ಡ. ಮೂರರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ಅಕ್ಷರಶಃ.

ಹುಸಿಯ ಕೊಳವೆಗೆ ನಿಜದ್ದು ಬಿದ್ದಿರಬಹುದೆಂದು ಅವಳು ಎರಡನ್ನೂ ಹೊಸದಾಗಿ ತೆಗೆದು ಮತ್ತೊಮ್ಮೆ ಬಿತ್ತಿದಳು. ಅಗಾರ್ ಬಗ್ಗೆ ಅನುಮಾನ ಎತ್ತಿದಾಗ ನಾನು ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ, ಆಮೇಲೆ ಅದನ್ನೂ ಹೊಸದಾಗಿ ಸುರಿದುಕೊಟ್ಟೆ. ಮತ್ತೆ ಆರು ದಿನ. ಮತ್ತೆ ಎಲ್ಲಕ್ಕೂ ಗಡ್ಡ, ಇನ್ನೂ ಜೋರು. ಕೋಣೆಯಲ್ಲಿ ಒಂದು ಬಗೆಯ ಪರಿಮಳ ಸುಳಿಯುತ್ತಿತ್ತು. ಅದು ನನ್ನ ಹೊಸ ಶೇವಿಂಗ್ ಲೋಷನ್ ಎಂದು ಎಲ್ಲರೂ ತಿಳಿದಿದ್ದರು. ಚೆನ್ನಾಗಿದೆ ಎಂದು ಇಬ್ಬರು ಹೊಗಳಿದ್ದರು ಕೂಡ. ಬಂದ ಹೊಗಳಿಕೆಯನ್ನು ಹಿಂದಿರುಗಿಸುವ ಜಾಯಮಾನ ನನ್ನದಲ್ಲ.

ಶುಕ್ರವಾರ ಹತ್ತೂವರೆಗೆ ನಮ್ಮಲ್ಲಿ ಚಹಾ. ಎಲ್ಲರೂ ಸೇರಲೇಬೇಕು, ಸರದಿಯ ಮೇಲೆ ಒಬ್ಬರು ಕೇಕ್ ತರಬೇಕು. ಆ ವಾರ ಸರದಿ ನನ್ನದು. ಸ್ಪರ್ಧೆಗೆ ಮೊದಲು ಒಂದು ಪೂರ್ವಾಭ್ಯಾಸವಾಗಲೆಂದು ಮೂರು ಅಂತಸ್ತಿನ ಸ್ಪಂಜ್ ಕೇಕ್ ಮಾಡಿ, ಮೇಲೆ ಪ್ಯಾಶನ್ ಹಣ್ಣಿನ ತಿರುಳನ್ನು ಚಿನ್ನದ ನೀರಿನಂತೆ ಇಳಿಬಿಟ್ಟಿದ್ದೆ. ಅದನ್ನು ಹೊತ್ತು ತಂದಾಗ ಕಿಟಕಿಯ ಹೊರಗಿನ ಮ್ಯಾಗ್‌ಪೈ ಹಕ್ಕಿ ಹಾಡು ನಿಲ್ಲಿಸಿತು.

ನಾನು ಚಾಕು ಎತ್ತಿದ್ದೆ, ಅಷ್ಟರಲ್ಲಿ ಟ್ಯಾಮ್ಸಿನ್ ಎದ್ದು ನಿಂತಳು. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ತಂದಿದ್ದಳು. ಬರೆದು ತರುವಷ್ಟು ಕಷ್ಟವಾಗಿತ್ತು ಎಂದರ್ಥ. ಮೂರನೆಯ ಸಲ ಸೋತಿತು, ಅದನ್ನು ಸರಿಪಡಿಸಲು ಮಾಡಿದ್ದೂ ಸೋತಿತು, ಮೊದಲ ಎರಡು ಸಲ ಯಾಕೆ ಗೆದ್ದಿತೋ ತನಗೆ ತಿಳಿಯದು, ಮಾಲೆಯನ್ನು ಬಿಟ್ಟುಬಿಡುತ್ತೇನೆ ಎಂದಳು. ಡೆಸ್ಪಿನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳು ಕನ್ನಡಕ ತೆಗೆಯುವುದು ಯಾರಾದರೂ ಸತ್ತಾಗ ಮಾತ್ರ.

ಟ್ಯಾಮ್ಸಿನ್ ಕೂರುವ ಮೊದಲು ಇನ್ನೊಂದು ಮಾತು ಸೇರಿಸಿದಳು. "ಒಂದ್ ವಿಷ್ಯ ಮಾತ್ರ ಅರ್ಥ ಆಗ್ತಿಲ್ಲ. ನನ್ ತಟ್ಟೆ ಮಾತ್ರ ಆಗಿದ್ರೆ ನಾನ್ ಏನೋ ಕೆಡಿಸ್ದೆ ಅನ್ಬೋದಿತ್ತು. ಆ ಕೋಣೇಲಿ ಬೇರೆಯವ್ರ ಗಿಡಕ್ಕೂ ಹಂಗೇ ಕೂದ್ಲು ಬಂದಿದೆ. ಕೆಳಗಿನ ಹಂತದಲ್ಲಿ ಜಾಸ್ತಿ, ಮೇಲೆ ಮೇಲೆ ಹೋದಂಗೆ ಕಮ್ಮಿ."

ಕೆಳಹಂತ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ನನ್ನ ಕೈಯ ಚಾಕು ಕೇಕಿನ ನಡುವೆ ನಿಂತಿತು. ಮೂವತ್ತನಾಲ್ಕು ವರ್ಷ ಸಸಿಗಳ ಜೊತೆ ಬದುಕಿದವನಿಗೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಆ ಅನಿಲ ಸೋಕಿದರೆ ಬೇರು ಕೂದಲು ಬೆಳೆಸುತ್ತದೆ. ಇದು ನಮ್ಮ ಮೊದಲ ವರ್ಷದ ಪಾಠ. ಇನ್ನು ಹಣ್ಣುಗಳಲ್ಲೆಲ್ಲ ಅತಿ ಹೆಚ್ಚು ಅನಿಲ ಬಿಡುವ ಜಾತಿಗಳಲ್ಲಿ ಒಂದು ನಮ್ಮ ಹಿತ್ತಿಲ ಬೇಲಿಯ ಮೇಲಿತ್ತು. ಅದರಲ್ಲೂ ನಾನು ಬೆಳೆದದ್ದು, ಕೇಳಬೇಕೆ.

ಸುಮ್ಮನಿರಬಹುದಿತ್ತು. ಸುಮ್ಮನಿದ್ದೆ ಕೂಡ, ಎರಡು ತುಂಡು ಕತ್ತರಿಸುವಷ್ಟು ಹೊತ್ತು. ಎರಡನೆಯ ತುಂಡನ್ನು ಟ್ಯಾಮ್ಸಿನ್‌ಗೇ ಕೊಡಬೇಕಾಗಿ ಬಂತು. ಅವಳು ಥ್ಯಾಂಕ್ಸ್ ಎಂದಳು. ಆ ಥ್ಯಾಂಕ್ಸ್ ನನ್ನ ಎಡಮೊಣಕಾಲಿಗೂ ತಾಗಿತು.

"ಟ್ಯಾಮ್ಸಿನ್, ನಿನ್ನ ಮಾಲೆ ಸುಳ್ಳಲ್ಲಮ್ಮ," ಎಂದೆ. "ನೀರಿನ ಡಬ್ಬದ ಹಿಂದೆ ನನ್ ಹಣ್ಣಿದಾವೆ."

ಹತ್ತು ಜನರಿದ್ದ ಕೋಣೆಯಲ್ಲಿ ಸಕ್ಕರೆ ಕರಗುವ ಸದ್ದು ಕೇಳಿಸಿತು. ಎಲ್ಲರೂ ಮೊದಲು ನನ್ನನ್ನು, ಆಮೇಲೆ ಕೇಕನ್ನು ನೋಡಿದರು. ಮೊದಲ ತುಂಡನ್ನು ಬಾಯಲ್ಲಿ ಇಟ್ಟುಕೊಂಡಿದ್ದವರೊಬ್ಬರು ನುಂಗುವುದೋ ಬಿಡುವುದೋ ತಿಳಿಯದೆ ಹಾಗೇ ಕೂತರು. ಚೂಯಿಂಗ್ ಗಮ್ ಕೂಡ ಬರಕೂಡದು ಎಂದು ಬರೆದ ಮಹಾನುಭಾವ ಎಷ್ಟು ಹಣ್ಣು ಇಟ್ಟಿದ್ದಾನೆಂದು ಡೆಸ್ಪಿನಾ ಬಹಳ ಮೃದುವಾಗಿ ವಿಚಾರಿಸಿದಳು. ಆ ಮೃದು ದನಿಗೆ ನಾನು ಹೆದರುತ್ತೇನೆ. ಒಂದು ಕ್ರೇಟ್ ಎಂದೆ. ಆಮೇಲೆ, ಎರಡನೆಯ ಕ್ರೇಟ್ ಕಳೆದ ವಾರ ಸೇರಿಸಿದ್ದು ಎಂದೂ ಹೇಳಿದೆ.

ಟ್ಯಾಮ್ಸಿನ್ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಳು. ಚಿಕ್ಕದಾಗಿ, ಚೊಕ್ಕವಾಗಿ, ಮೂಂಟಾದ ಗಣಿಗೆ ಇಳಿಯುತ್ತಿದ್ದ ಅವಳ ಮುತ್ತಜ್ಜಂದಿರು ಬಂಡೆ ಕಾಲ ಮೇಲೆ ಬಿದ್ದಾಗ ಆಡಿರಬಹುದಾದ ಮಾತಿನಲ್ಲಿ. ಆಮೇಲೆ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅವಳು ಕೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. ಯಾವ ತಾರೀಖಿನಿಂದ ಇಟ್ಟೆ, ಎಷ್ಟು ಕಿಲೋ, ಬೀಸಣಿಗೆ ಯಾವ ಕಡೆಗೆ ಬೀಸುತ್ತಿತ್ತು. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಅವಳು ಆ ಸೋಲಿನ ಚೀಟಿಯ ಹಿಂಬದಿಯಲ್ಲೇ ಬರೆದುಕೊಂಡಳು.

ಹಾಗಾದರೆ ಕೋಣೆ ತೊಳೆದು, ಗಾಳಿ ಬದಲಿಸಿ, ಮೂರನೆಯ ಸಲವನ್ನು ಮತ್ತೆ ಮಾಡಿದರಾಯಿತಲ್ಲ ಎಂದಳು ಡೆಸ್ಪಿನಾ. ಕನ್ನಡಕ ಮತ್ತೆ ಮೂಗಿಗೇರಿತ್ತು.

"ಅದನ್ನ ಮಾಡ್ತೀನಿ," ಎಂದಳು ಟ್ಯಾಮ್ಸಿನ್. "ಆದ್ರೆ ಡೆಸ್ಪಿನಾ, ಈಗ ಬೇರೆ ಭಯ ಶುರುವಾಯ್ತು ನಂಗೆ. ಗಿಡ ತಾನೇ ಆ ಅನಿಲ ಮಾಡ್ಕೊಳ್ಳುತ್ತೆ ಅಲ್ವಾ? ನನ್ ಮಾಲೆ ಅದನ್ನೇ ಜಾಸ್ತಿ ಮಾಡು ಅಂತ ಹೇಳ್ತಿದ್ರೆ? ಆಗ ಕೂದ್ಲು ಬೆಳೆಸ್ತಿರೋದು ಮಾಲೆ ಅಲ್ಲ, ಅನಿಲ. ನಂದು ಬರೀ ಚೀಟಿ ಒಯ್ಯೋ ಜವಾನ."

ಮೂರು ವರ್ಷದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಅನಿಲದ ವಿಚಾರ ಎಲ್ಲ ಪುಸ್ತಕದಲ್ಲೂ ಇದೆ. ಮಾಲೆ ಬರೀ ಅದರ ಜವಾನನಾದರೆ ಅವಳು ಹೊಸದೇನನ್ನೂ ಕಂಡುಹಿಡಿದಂತಾಗುವುದಿಲ್ಲ. ಸುಮ್ಮನೆ ಮೂರನೆಯ ಸಲ ಮುಗಿಸಿ ಗೆಲ್ಲಬಹುದಾಗಿದ್ದ ಹುಡುಗಿ ತಾನಾಗಿಯೇ ಇನ್ನೊಂದು ಗುಂಡಿ ತೋಡಿ ಅದರ ಅಂಚಿನಲ್ಲಿ ನಿಂತಿದ್ದಳು.

ಪರೀಕ್ಷಿಸುವ ದಾರಿಯನ್ನೂ ಅವಳೇ ಹೇಳಿದಳು. ಅನಿಲದ ವಾಸನೆಯೇ ಹತ್ತದ ಒಂದು ಅರಬಿಡಾಪ್ಸಿಸ್ ತಳಿಯಿದೆ. ಹುಟ್ಟಿನಿಂದಲೇ ಅದಕ್ಕೆ ಮೂಗಿಲ್ಲ ಎನ್ನಿ. ಸುತ್ತ ಎಷ್ಟು ಅನಿಲ ತುಂಬಿದರೂ ಅದರ ಬೇರು ನುಣ್ಣಗೇ ಇರುತ್ತದೆ. ಆ ತಳಿಗೆ ಮಾಲೆ ಕೊಟ್ಟು, ಜೊತೆಗೆ ಕೋಣೆಯಲ್ಲಿ ಅನಿಲವನ್ನೂ ತುಂಬಿದರೆ ಎಲ್ಲ ತಿಳಿಯುತ್ತದೆ. ಗಡ್ಡ ಬಂದರೆ ಮಾಲೆ ತನ್ನ ಕಾಲ ಮೇಲೆ ತಾನು ನಿಂತಂತೆ. ಬರದಿದ್ದರೆ ಜವಾನ.

ಅನಿಲಕ್ಕೆ ನನ್ನ ಬಳ್ಳಿಯ ಇನ್ನೆರಡು ಕ್ರೇಟ್ ತರುತ್ತೇನೆಂದೆ. ಡೆಸ್ಪಿನಾ ನನ್ನ ಕಡೆ ತಿರುಗಲೂ ಇಲ್ಲ. ಅಳತೆ ಹಾಕಿದ ಅನಿಲ ಸಿಲಿಂಡರಿನಿಂದ ಬರುತ್ತದೆ, ಸಣ್ಣ ಗಾಜಿನ ಬೀರುವಿನಲ್ಲಿ ಎಂದಳು. ನನಗೆ ಶಿಕ್ಷೆಯೂ ಅಲ್ಲೇ ತೀರ್ಮಾನವಾಯಿತು. ನಮ್ಮಲ್ಲಿ ತಪ್ಪು ಮಾಡಿದವರು ಮುಂದಿನ ಶುಕ್ರವಾರ ಕೇಕ್ ತರುವುದು ವಾಡಿಕೆ.

"ನಿನಗೆ ಆ ಶಿಕ್ಷೆ ಕೊಟ್ರೆ ನೀನ್ ಕುಣೀತೀಯ," ಎಂದಳು ಡೆಸ್ಪಿನಾ. "ಒಂದು ವರ್ಷ ನೀನ್ ಕೇಕ್ ತರೋ ಹಂಗಿಲ್ಲ. ಬೇರೆಯವ್ರು ಅಂಗಡಿಯಿಂದ ತಂದಿದ್ದನ್ನ ಚೆನ್ನಾಗಿದೆ ಅಂತ ಹೇಳ್ಕೊಂಡು ತಿನ್ನು."

ಕಟುಕರಲ್ಲೂ ಕರುಣೆ ಇರುತ್ತದೆ, ಡೆಸ್ಪಿನಾಳಲ್ಲಿ ಇಲ್ಲ.

ಆ ವಾರ ನಾನು ಮಾಡಿದ ಕೆಲಸಕ್ಕೆ ಶಿಲಾಸ್ತಂಭ ನಿಲ್ಲಿಸಬೇಕಿತ್ತು. ಸಸಿಕೋಣೆಯ ಗೋಡೆ, ಹಂತ, ಬೀಸಣಿಗೆಯ ರೆಕ್ಕೆ ಎಲ್ಲ ಆಲ್ಕೋಹಾಲಿನಲ್ಲಿ ಒರೆಸಿದೆ. ಕೋಣೆ ಎಷ್ಟು ಹೊಳೆಯಿತೆಂದರೆ ಒಳಗೆ ಹೋದವರು ಚಪ್ಪಲಿ ಬಿಡಲು ನೋಡಿದರು. ನಲವತ್ತು ಸಾವಿರ ಕೊಳವೆಗಳಿರುವ ಬೀಜದ ಭಂಡಾರದಿಂದ ಮೂಗಿಲ್ಲದ ತಳಿಯನ್ನು ಕಣ್ಣು ಮುಚ್ಚಿ ಎತ್ತಿಕೊಟ್ಟೆ. ಹಣೆಪಟ್ಟಿ ಓದಲು ಒಂದು ಕಣ್ಣು ತೆರೆದಿದ್ದೆ, ಅಷ್ಟೆ. ಇನ್ನೂರು ತಟ್ಟೆ ಅಗಾರ್ ಸುರಿದೆ, ಒಂದರಲ್ಲೂ ಗುಳ್ಳೆಯಿಲ್ಲ. ಟ್ಯಾಮ್ಸಿನ್ ಬೀಜ ಇಟ್ಟಳು. ತೆಳ್ಳನೆಯ ಕಡ್ಡಿಯ ತುದಿಯಲ್ಲಿ ಒಂದೊಂದೇ ಬೀಜ, ಉಸಿರು ಹಿಡಿದು. ಅವಳು ಮೂರನೆಯ ಸಲದ ಸಾಧಾರಣ ಬೀಜಗಳನ್ನು ಶುದ್ಧ ಗಾಳಿಯ ಕೋಣೆಯಲ್ಲಿ ನಿಲ್ಲಿಸಿದಳು, ಮೂಗಿಲ್ಲದವನ್ನು ಅನಿಲದ ಬೀರುವಿನಲ್ಲಿ. ಯಾವ ತಟ್ಟೆ ಯಾವುದೆಂದು ಅಳೆಯುವವರಿಗೆ ತಿಳಿಯಕೂಡದೆಂದು ನಾನು ಎಲ್ಲಕ್ಕೂ ಅಂಕಿ ಹಚ್ಚಿ, ಗುಟ್ಟಿನ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಇಟ್ಟುಕೊಂಡೆ. ಆರು ದಿನ ಟ್ಯಾಮ್ಸಿನ್ ದಿನಕ್ಕೆ ನಾಲ್ಕು ಸಲ ನನ್ನ ಜೇಬು ನೋಡುತ್ತಿದ್ದಳು.

ಶನಿವಾರ ಬೆಳಿಗ್ಗೆ ಮೂವರೇ ಇದ್ದೆವು. ತಾನೇ ಅಳೆದರೆ ಆಸೆ ಕಣ್ಣಿಗೆ ಬಂದು ಕೂರುತ್ತದೆಂದು ಟ್ಯಾಮ್ಸಿನ್ ಡೆಸ್ಪಿನಾಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದಳು. ಶುದ್ಧ ಗಾಳಿಯ ತಟ್ಟೆಗಳು ಮೊದಲು ಬಂದವು. ಡೆಸ್ಪಿನಾ ಅಳತೆ ಕೂಗುತ್ತಿದ್ದಳು, ಟ್ಯಾಮ್ಸಿನ್ ಬರೆಯುತ್ತಿದ್ದಳು. ಅರ್ಧ ತಟ್ಟೆಗಳು ನುಣ್ಣಗೆ, ಅರ್ಧಕ್ಕೆ ಗಡ್ಡ. ಮೂರನೆಯ ಸಲ ಗೆದ್ದಿತೆಂದು ಲಕೋಟೆ ಬಿಚ್ಚದೆಯೂ ತಿಳಿಯುತ್ತಿತ್ತು. ಟ್ಯಾಮ್ಸಿನ್ ನಗಲಿಲ್ಲ. ಅವಳ ಕಣ್ಣು ಬೀರುವಿನ ಮೇಲಿತ್ತು.

ಮೂಗಿಲ್ಲದ ತಳಿಯ ಮೊದಲ ತಟ್ಟೆ ನುಣ್ಣಗಿತ್ತು. ಎರಡನೆಯದೂ ನುಣ್ಣಗೆ. ಮೂರನೆಯದೂ. ನಾಲ್ಕನೆಯದಕ್ಕೆ ಡೆಸ್ಪಿನಾಳ ದನಿ ಸಣ್ಣಗಾಯಿತು, ಅದೂ ನುಣ್ಣಗೇ. ಟ್ಯಾಮ್ಸಿನ್‌ಳ ಪೆನ್ನು ಕಾಗದದ ಮೇಲೆ ನಿಂತಲ್ಲೇ ಶಾಯಿ ಬಿಡುತ್ತಿತ್ತು. ತಟ್ಟೆಗಳ ಕ್ರಮ ಕಲಸಿದವನು ನಾನೇ. ನಾಲ್ಕು ಹುಸಿಗಳು ಒಟ್ಟಿಗೆ ಬರುವಂತೆ ಕಲಸಿದ್ದೇನೋ, ಎಲ್ಲವೂ ಹೀಗೇ ಇವೆಯೋ ನನಗೂ ನೆನಪಿರಲಿಲ್ಲ. ಜೇಬಿನ ಲಕೋಟೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡೆ.

ಐದನೆಯ ತಟ್ಟೆಯ ಮೇಲೆ ಡೆಸ್ಪಿನಾ ಬಹಳ ಹೊತ್ತು ಬಾಗಿದ್ದಳು. ಗುಂಡಿ ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು.

"ಬರ್ಕೋ," ಎಂದಳು. "ಅರ್ಧ ಮಿಲಿಮೀಟರ್."

"ಇನ್ನೊಂದ್ಸಲ ಹೇಳು," ಎಂದಳು ಟ್ಯಾಮ್ಸಿನ್.

"ಅರ್ಧ ಮಿಲಿಮೀಟರ್, ಮಗಳೇ. ಪೊದೆ ಇದು."

ಆರನೆಯದೂ ಪೊದೆ. ಏಳನೆಯದು ನುಣ್ಣಗೆ, ಎಂಟನೆಯದು ಪೊದೆ. ಬೀರುವಿನ ಇಪ್ಪತ್ತನಾಲ್ಕು ತಟ್ಟೆಗಳೂ ಮುಗಿದ ಮೇಲೆ ನಾನು ಲಕೋಟೆ ಹರಿದು ಪಟ್ಟಿಯನ್ನು ಓದಿದೆ. ನುಣ್ಣಗಿದ್ದ ಹನ್ನೆರಡೂ ಹುಸಿ ಮಾಲೆ. ಪೊದೆಯ ಹನ್ನೆರಡೂ ಗಡ್ಡದ ಮಾಲೆ. ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಕೂದಲಿನ ಸರಾಸರಿ ಹುಸಿಯಲ್ಲಿ ಮಿಲಿಮೀಟರಿನ ಐದನೆಯ ಒಂದು ಪಾಲು, ನಿಜದ್ದರಲ್ಲಿ ಅರ್ಧ, ಎರಡೂವರೆ ಪಟ್ಟು. ಅನಿಲದ ಹಂಗಿಲ್ಲದೆ ಮಾಲೆ ತನ್ನ ಮಾತನ್ನು ತಾನೇ ಬೇರಿಗೆ ತಲುಪಿಸಿತ್ತು.

ಟ್ಯಾಮ್ಸಿನ್ ಪೆನ್ನು ಕೆಳಗಿಟ್ಟಳು. ಎದ್ದು ಕೋಣೆಯ ಆ ತುದಿಯವರೆಗೆ ನಡೆದು, ಗೋಡೆ ಮುಟ್ಟಿ, ವಾಪಸ್ ಬಂದಳು. ಇನ್ನೊಮ್ಮೆ ಹೋಗಿ ಬಂದಳು. ಮೂರನೆಯ ಸಲ ದಾರಿಯ ನಡುವೆ ನನ್ನ ಎರಡೂ ಕೈ ಹಿಡಿದುಕೊಂಡು, ಐವತ್ತೊಂಬತ್ತು ವರ್ಷದ ನನ್ನನ್ನು ಬುಗುರಿಯಂತೆ ಸುತ್ತಿಸಿದಳು. ನಾನು ಸುತ್ತಿದ ವೇಗಕ್ಕೆ ಗೋಡೆಯ ಕ್ಯಾಲೆಂಡರಿನ ಹಾಳೆಗಳು ಜುಲೈವರೆಗೆ ಹಾರಿದವು.

"ಜವಾನ ಅಲ್ಲ ಅದು ಕ್ಲಾರಿ, ಯಜಮಾನ," ಎಂದಳು ಏದುಸಿರಿನಲ್ಲಿ. "ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ."

ತಿಳಿದುಕೊಂಡೆ, ಆದರೆ ಹೇಳಲಿಲ್ಲ.

ಡೆಸ್ಪಿನಾ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಐದನೆಯ ತಟ್ಟೆಯನ್ನು ಮತ್ತೆ ಮಸೂರದಡಿ ಇಟ್ಟುಕೊಂಡಿದ್ದಳು. ಲೆಕ್ಕದಲ್ಲಿ ಏನಾದರೂ ತಪ್ಪಿದೆಯೇ ಎಂದು ಟ್ಯಾಮ್ಸಿನ್ ಗಾಬರಿಯಿಂದ ವಿಚಾರಿಸಿದಳು. ಲೆಕ್ಕ ಸರಿಯಿದೆ, ಸುಮ್ಮನೆ ನೋಡುತ್ತಿದ್ದೇನೆ ಎಂದಳು ಡೆಸ್ಪಿನಾ. ಆಮೇಲೆ ಜಾಗ ಬಿಟ್ಟುಕೊಟ್ಟಳು. ಟ್ಯಾಮ್ಸಿನ್ ನೋಡಿದಳು, ನಾನು ನೋಡಿದೆ. ಗಾಜಿನ ಕಡ್ಡಿಯಂಥ ಬೇರು. ಅದರ ಎರಡೂ ಪಕ್ಕ ಬೆಳ್ಳಿಯ ಕೂದಲು ಒತ್ತೊತ್ತಾಗಿ, ಬೆಳಗಿನ ಬಿಸಿಲಿನಲ್ಲಿ ಬೆಕ್ಕು ಮೈ ಮುರಿದಂತೆ ಎಲ್ಲ ದಿಕ್ಕಿಗೂ ಚಾಚಿಕೊಂಡಿತ್ತು. ಡೆಸ್ಪಿನಾ ನನ್ನ ಬೆನ್ನು ತಟ್ಟಿ, ಸಾಕು, ನನ್ನ ಸರದಿ ಎಂದಳು. ಅವಳ ಹಿಂದೆ ಆಗಲೇ ಟ್ಯಾಮ್ಸಿನ್ ನಿಂತಿದ್ದಳು.